ನೀಲಿ ಉಂಗುರಕ್ಕೆ ಬೆಂಕಿ ತೋರಿಸಬೇಡ

ಪುಟ್ಟಿ,

ಶನಿವಾರ ಆ ಹಳೆಯ ನೀಲಿ ಎನಾಮಲ್ ಉಂಗುರವನ್ನು ಅಳತೆ ಕಡಿಮೆ ಮಾಡಿಸಲು ಕೊಡುತ್ತೇನೆ ಅಂದೆಯಲ್ಲ, ಆಗಿನಿಂದ ನನಗೆ ಸಮಾಧಾನವಿಲ್ಲ. ಫೋನಿನಲ್ಲಿ ಗದರಿಬಿಟ್ಟೆ, ಮನಸ್ಸಿಗೆ ಹಚ್ಚಿಕೊಳ್ಳಬೇಡ. ಆದರೆ ಕೊಡುವ ಮೊದಲು ಇದನ್ನು ಪೂರ್ತಿ ಓದು.

ಕಡುನೀಲಿ ಆಕಾಶದಲ್ಲಿ ಚುಕ್ಕಿಗಳಂತೆ ವಜ್ರ ಹರಡುವ ಈ ಮಾದರಿ 18ನೇ ಶತಮಾನದ ಕೊನೆಯಲ್ಲಿ ಫ್ರಾನ್ಸಿನಲ್ಲಿ ಮೆರೆದದ್ದು. ವಜ್ರ ಕೂರಿಸಿದ ಮನೆ ಬೆಳ್ಳಿಯದು, ಹಿಂದೆ ಚಿನ್ನ: ಅದನ್ನು ನೋಡಿಯೇ ನೀನು ಹಳೆಯದೆಂದು ಗುರುತಿಸಿದೆ. ನಿನ್ನ ಕಣ್ಣಿನ ಬಗ್ಗೆ ನನಗೆ ತುಂಬ ಹೆಮ್ಮೆ.

ನನ್ನ ಭಯವೆಲ್ಲ ಬೆಂಕಿಯದು. ಉಂಗುರದ ಆ ನೀಲಿ ಎನಾಮಲ್ ಅಂದರೆ ಗಾಜು. ಕೋಬಾಲ್ಟ್ ಬೆರೆಸಿದ ಗಾಜಿನ ಪುಡಿಯನ್ನು ಗೆರೆ ಕೊರೆದ ಲೋಹದ ಮೇಲೆ ಹರಡಿ, ಸುಮಾರು 800 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗಿಸಿ ಕೂಡಿಸುತ್ತಾರೆ. ಉಂಗುರ ಚಿಕ್ಕದು ಮಾಡುವವರು ಹಿಂಬದಿ ಕತ್ತರಿಸಿ, ತುಂಡು ತೆಗೆದು, ಬೆಸುಗೆ ಹಾಕುತ್ತಾರೆ. ಚಿನ್ನ ಆ ಶಾಖವನ್ನು ಕ್ಷಣದಲ್ಲಿ ಮೇಲಕ್ಕೆ ಒಯ್ಯುತ್ತದೆ. ಲೋಹ ಹಿಗ್ಗಿದಷ್ಟು ಗಾಜು ಹಿಗ್ಗುವುದಿಲ್ಲ. ಬಿಸಿಯಲ್ಲಿ ತಡೆದುಕೊಂಡರೂ ತಣಿಯುವಾಗ ಕೂದಲೆಳೆಯಂಥ ಬಿರುಕು ಬರುತ್ತದೆ. ಒದ್ದೆ ಬಟ್ಟೆ ಸುತ್ತುತ್ತೇವೆ ಅಂದರೆ ಒಪ್ಪಬೇಡ. ಲೇಸರ್ ಬೆಸುಗೆಯಲ್ಲಿ ಶಾಖ ಒಂದೇ ಕಡೆ ನಿಲ್ಲುತ್ತದೆ, ನಿಜ. ಆದರೆ ಸುತ್ತಳತೆ ಬದಲಾದರೆ ಎನಾಮಲ್ ಕೂತಿರುವ ಮೇಲಿನ ಬಿಲ್ಲೆಯೂ ತುಸು ಬಾಗುತ್ತದೆ. ಗಾಜು ಬಾಗದು, ಅಂಚಿನಲ್ಲಿ ಚಕ್ಕೆ ಏಳುತ್ತದೆ.

ಎದ್ದ ಚಕ್ಕೆಗೆ ಮದ್ದಿಲ್ಲ ಪುಟ್ಟಿ. ವಜ್ರ, ಬೆಳ್ಳಿ, ಹಳೇ ಬೆಸುಗೆ ಎಲ್ಲ ಇರುವ ಉಂಗುರವನ್ನು ಮತ್ತೆ ಕುಲುಮೆಗೆ ಇಡಲಾಗದು. ಬಣ್ಣದ ರಾಳ ತುಂಬುತ್ತಾರೆ. ಅದು ಮೆದು, ಬೇಗ ಗೀರು ಬೀಳುತ್ತದೆ, ಬೆಳಕಿಗೆ ಬಣ್ಣ ತಿರುಗುತ್ತದೆ. 10 ಪಟ್ಟು ದೊಡ್ಡದಾಗಿ ತೋರಿಸುವ ಲೂಪ್‌ನಲ್ಲಿ (ಅಕ್ಕಸಾಲಿಗರ ಭೂತಗನ್ನಡಿ) ತಿರುಗಿಸಿ ನೋಡಿದರೆ ಆ ಜಾಗ ಮಂಕಾಗಿ ಕಾಣುತ್ತದೆ. ಈಗಲೇ ಅಂಥ ಜಾಗವಿದೆಯೇ ನೋಡು, ವಜ್ರದ ಮನೆಗಳ ಸುತ್ತ ಮುಖ್ಯವಾಗಿ.

ಸಡಿಲವಾದರೆ ಒಳಗೆ ಸುತ್ತುವ ಮೆದು ಪ್ಲಾಸ್ಟಿಕ್ ಸುರುಳಿ ಸಾಕು. ಇಲ್ಲವೇ ನಡುಬೆರಳಿಗೆ ಹಾಕಿಕೋ.

ಒಡವೆ ತೊಳೆಯುವ ಅಲ್ಟ್ರಾಸಾನಿಕ್ ಯಂತ್ರಕ್ಕೂ ಕೊಡಬೇಡ. ಅದರ ಕಂಪನಕ್ಕೆ ಇದ್ದ ಬಿರುಕು ಬಾಯಿ ಬಿಡುತ್ತದೆ. ಹಿಂಬದಿ ಮುಚ್ಚಿದ ಮನೆಯೊಳಗೆ ನೀರಿಳಿದರೆ ಕಲ್ಲಿನ ಕೆಳಗೆ ಹೊಳಪಿಗಾಗಿ ಇಟ್ಟ ತಗಡು ಕಪ್ಪಾಗಿ ವಜ್ರವೇ ಸತ್ತಂತೆ ಕಾಣುತ್ತದೆ. ಬೆಳ್ಳಿ ತೊಳೆಯುವ ದ್ರವವೂ ಬೇಡ, ಬೆಳ್ಳಿಯ ಮೇಲಿನ ಕಪ್ಪು ಹಾಗೇ ಇರಲಿ. ಹಿಂಡಿದ ಹತ್ತಿಬಟ್ಟೆಯಲ್ಲಿ ಒರೆಸಿ, ತಕ್ಷಣ ಒಣಬಟ್ಟೆ. ಕೈ ತೊಳೆಯುವಾಗ, ಪಾತ್ರೆ ಉಜ್ಜುವಾಗ, ಮಲಗುವಾಗ ತೆಗೆದಿಡು. ಬೇರೆ ಒಡವೆಯ ಜೊತೆ ಒಂದೇ ಡಬ್ಬಿಯಲ್ಲಿ ಹಾಕಬೇಡ, ವಜ್ರ ತಾಗಿದರೆ ಎನಾಮಲ್ ಗೀರುತ್ತದೆ. ಉಪದೇಶ ಜಾಸ್ತಿಯಾಯಿತು, ಗೊತ್ತು. ಹೇಳದೆ ಇರಲಾರೆ.

ಒಳಸುತ್ತಿನಲ್ಲಿ ಹದ್ದಿನ ತಲೆಯ ಸಣ್ಣ ಮುದ್ರೆ ಇದೆಯೇ? ಫ್ರಾನ್ಸಿನಲ್ಲಿ ಅದು 1838ರಿಂದ ಚಿನ್ನಕ್ಕೆ ಬೀಳುವ ಗುರುತು. ಇದ್ದರೂ ಉಂಗುರ ಅಷ್ಟು ಹಳೆಯದಲ್ಲವೇನೋ ಎಂದು ಗಾಬರಿಯಾಗಬೇಡ, ಹಳೆಯ ಒಡವೆ ಮತ್ತೆ ಮಾರಾಟಕ್ಕೆ ಬಂದಾಗಲೂ ಒತ್ತುತ್ತಿದ್ದರು. ಹಿಂಬದಿಯದೂ ಮುದ್ರೆಯದೂ ಫೋಟೋ ತೆಗೆದು ಕಳಿಸು. ಕಿಟಕಿ ಬೆಳಕಿನಲ್ಲಿ ತೆಗೆ, ಫ್ಲ್ಯಾಶ್ ಹಾಕಿದರೆ ಬಿರುಕು ಕಾಣುವುದಿಲ್ಲ.

ನಿನ್ನ
ಅಪ್ಪ