ಹಗೇವು ಯಾವ ಕಡೆ ಇತ್ತು?

ದೋಸ್ತ,

ಭಾನುವಾರ ನಿನ್ನ ಮಗಳು ಪರ್ತ್‌ನಿಂದ ಫೋನ್ ಮಾಡಿದ್ದಳು. ಅರ್ಧ ತಾಸು ಮಾತಾಡಿದೆವು. ಅವತ್ತಿನಿಂದ ನನಗೆ ಸರಿಯಾಗಿ ನಿದ್ದೆ ಇಲ್ಲ.

ಅವಳ 11ನೇ ತರಗತಿಯ ಪಾಠ ಕೇಳಿ ಹೊಟ್ಟೆಕಿಚ್ಚಾಯಿತು. ಕಡಲನ್ನು ಕಾಪಾಡುವುದು, ಮುಳುಗಿದ ಹಡಗುಗಳ ಪುರಾತತ್ವ, ಎರಡೂ ಒಂದೇ ವಿಷಯದಲ್ಲಿ! ಏನು ಸಂಬಂಧ ಎಂದು ಕೇಳಿದೆ. "ಕಾಕಾ, ಮುಳುಗಿದ ಹಡಗಿನ ಮೇಲೆ ಹವಳ ಬೆಳೆಯುತ್ತೆ, ಮೀನು ಮನೆ ಮಾಡುತ್ತವೆ. ಯಾರಾದರೂ ಅಲ್ಲಿ ಲಂಗರು ಎಳೆದರೆ ಎರಡೂ ಹಾಳು" ಎಂದಳು. ಇಪ್ಪತ್ತು ವರ್ಷದಿಂದ ಇತಿಹಾಸ ಕಲಿಸುವ ನನಗೆ ಇದು ಹೊಳೆದಿರಲಿಲ್ಲ.

ಫ್ರೀಮ್ಯಾಂಟಲ್ ಮ್ಯೂಸಿಯಂನಲ್ಲಿ 'ಬಟಾವಿಯಾ' ಹಡಗಿನ ಮರ ನೋಡಿ ಬಂದಿದ್ದಾಳೆ. 1629ರಲ್ಲಿ ಹವಳದ ದಿಬ್ಬಕ್ಕೆ ಬಡಿದು ಮುಳುಗಿದ ಡಚ್ ಹಡಗು ಅದು, ಸಿಕ್ಕಿದ್ದು 1963ರಲ್ಲಿ. ಉಪ್ಪು ನೀರಲ್ಲಿ ನೂರಾರು ವರ್ಷ ಇದ್ದ ಕಬ್ಬಿಣವನ್ನು ಮೇಲೆ ತಂದು ಸುಮ್ನೆ ಒಣಗಲು ಬಿಟ್ಟರೆ ಒಳಗಿನ ಉಪ್ಪೇ ಅದನ್ನು ಸೀಳುತ್ತದಂತೆ. ಹಾಗಾಗಿ ಆದಷ್ಟು ಇದ್ದಲ್ಲೇ ಬಿಡಬೇಕು. ಟೇಪು ಹಿಡಿದು ಅಳೆಯಬೇಕು, ನಕ್ಷೆ ಬರೆಯಬೇಕು. ಯಾವ ವಸ್ತು ಯಾವುದರ ಪಕ್ಕ ಇತ್ತು ಎಂಬುದರಲ್ಲೇ ಅರ್ಧ ಕತೆ ಇರುತ್ತೆ.

ನಾನೂ ಒಂದು ಹೇಳಿದೆ. ಗೋವಾದ ಸೇಂಟ್ ಜಾರ್ಜ್ ರೀಫ್ ಬಳಿ ಮುಳುಗಿದ ಹಡಗೊಂದರಲ್ಲಿ ಅಲ್ಲಿನ ಸಮುದ್ರ ವಿಜ್ಞಾನ ಸಂಸ್ಥೆಯವರಿಗೆ ಹಂಚುಗಳು ಸಿಕ್ಕಿದ್ದವು. ಮೇಲೆ ಬಾಸೆಲ್ ಮಿಷನ್ ಮುದ್ರೆ, 1865 ಎಂಬ ಇಸವಿ. ಅದು ಆ ಮಿಷನ್‌ನವರ ಮಂಗಳೂರಿನ ಹಂಚಿನ ಕಾರ್ಖಾನೆ ಶುರುವಾದ ವರ್ಷ. ಅಂದರೆ ಹಡಗು ಮುಳುಗಿದ್ದು ಅದಕ್ಕಿಂತ ಮೊದಲಂತೂ ಅಲ್ಲ. ಒಂದು ಹಂಚು ಅಷ್ಟು ಹೇಳುತ್ತೆ! ನಮ್ಮ ಶಾಲೆಯ ಹಂಚು ನೆನಪಾಯಿತಾ? ನಾನಿನ್ನೂ ಬಾಯಿ ಬಿಟ್ಟಿಲ್ಲ.

ಆಗ ಅವಳು ಕೇಳಿದಳು. "ನಿಮ್ಮ ಹಳೇ ಬಾಗಲಕೋಟೆಯ ಮನೆಯೂ ಆಲಮಟ್ಟಿ ಹಿನ್ನೀರಲ್ಲಿ ಇದೆ ಅಲ್ವಾ? ನಕ್ಷೆ ಬರೆದಿದ್ದೀರಾ?"

ಇಲ್ಲ. ಒಂದು ಗೆರೆಯೂ ಇಲ್ಲ.

ಮನೆ ಬಿಡುವಾಗ ನಾನು ಏನು ಮಾಡಿದೆ ಗೊತ್ತಾ? ನಮ್ಮ ಅಜ್ಜ ಮಾಡಿಸಿದ ತೇಗದ ಬಾಗಿಲನ್ನು ಚೌಕಟ್ಟಿನ ಸಮೇತ ಕಿತ್ತು ಮಾರಿದೆ. ಚೌಕಾಸಿ ಮಾಡಿ ಜಾಸ್ತಿ ರೊಕ್ಕ ಬಂತೆಂದು ಖುಷಿಪಟ್ಟೆ. ಬಾಗಿಲು ಹೋಗುವಾಗ ಅವ್ವ ಹೊಸ್ತಿಲಿಗೆ ಅರಿಶಿನ ಹಚ್ಚುತ್ತ ಕೂತಿದ್ದಳು. ಏಳು, ಲಾರಿ ಕಾಯುತ್ತಿದೆ ಎಂದು ಗದರಿಸಿದೆ. ಇದನ್ನು ನಿನಗೂ ಹೇಳಿರಲಿಲ್ಲ. ಇಲ್ಲಿ ಎಲ್ಲರೂ ಓದುವಂತೆ ಬರೆಯಬೇಕು ಅಂತಲೂ ಇರಲಿಲ್ಲ.

ನಿನ್ನೆ ನವನಗರದ ಮನೆಯಲ್ಲಿ ಅವ್ವನ ಮುಂದೆ ಹಾಳೆ ಹರಡಿ ಕೂತೆ. ಪಡಸಾಲೆ, ದನದ ಕೊಟ್ಟಿಗೆ, ದೇವರ ಮನೆ ಬಂದವು. ನೆಲದೊಳಗೆ ಕಾಳು ತುಂಬಿಡುವ ಗುಂಡಿ, ಆ ಹಗೇವಿನ ಹತ್ತಿರ ನಿಂತೆವು. ಒಳಗೆ ಬಂದರೆ ಎಡಕ್ಕೆ ಎನ್ನುತ್ತಾಳೆ ಅವ್ವ. ಬಲಕ್ಕೆ ಇತ್ತು ಅನ್ನಿಸುತ್ತೆ ನನಗೆ. ಅದರೊಳಗೆ ಇಳಿದು ಜೋಳ ತುಂಬಿದವನು ನಾನು. ಆದರೂ ಅವ್ವನ ಮಾತಿನಂತೆ ಎಡಕ್ಕೆ ಬರೆದಿದ್ದೇನೆ, ಪೆನ್ಸಿಲಿನಲ್ಲಿ. ನೀನೂ ಅಲ್ಲಿ ಕೂತು ಉಂಡವನು. ನೆನಪು ಮಾಡಿ ಹೇಳು, ಯಾವ ಕಡೆ?

ಬೇಸಿಗೆಯಲ್ಲಿ ನೀರು ಇಳಿದಾಗ ಬನ್ನಿ. ಮಗಳು ಉದ್ದನೆಯ ಟೇಪು ತರಲಿ. ಅವ್ವ ಈಗಲೇ ಶೇಂಗಾ ಹೋಳಿಗೆಯ ಲೆಕ್ಕ ಹಾಕುತ್ತಿದ್ದಾಳೆ, ನಿನಗೆ ಆರು ಅಂತೆ. ಶಾಲೆಯ ಹಂಚಿನ ವಿಷಯ ಮಾತ್ರ ಮಗಳಿಗೆ ಹೇಳಬೇಡ.

ನಿನ್ನ ದೋಸ್ತ