ಕೇರ್ ಹೋಮ್‌ನವರು ಮನೆಯವರನ್ನು ಗೇಟಲ್ಲಿ ನಿಲ್ಲಿಸೋದು ಯಾಕೆ?

ಸಂಪಾದಕರೇ,

ಮಕ್ಕಳೆಲ್ಲ ಗಲ್ಫ್, ಬೆಂಗಳೂರು ಅಂತ ಹೋದ ಮೇಲೆ ಮಂಗಳೂರು ಉಡುಪಿ ಕಡೆ ಕೇರ್ ಹೋಮ್ ಬೇಕೇ ಬೇಕು, ಅದಕ್ಕೆ ನನ್ನ ತಕರಾರಿಲ್ಲ. ತಕರಾರಿರೋದು ವಿಸಿಟಿಂಗ್ ಟೈಮ್ ಬಗ್ಗೆ. ನನ್ನ ಅತ್ತೆ ಇರೋ ಕಡೆ ಸಂಜೆ ನಾಲ್ಕರಿಂದ ಐದು ಮಾತ್ರ, ಅದೂ ಹೊರಗಿನ ರೂಮಲ್ಲಿ. ಅವರಿಗೆ ಮರೆವಿನ ಕಾಯಿಲೆ, ಈಗ ತುಳು ಬಿಟ್ರೆ ಬೇರೆಂತದೂ ಅರ್ಥ ಆಗೋದಿಲ್ಲ, ನೋಡ್ಕೊಳ್ಳೋ ಹುಡುಗಿಯರು ಹೊರರಾಜ್ಯದವರು, ಪಾಪ ಅವರಾದ್ರೂ ಎಂತ ಮಾಡ್ತಾರೆ, ಗಂಜಿ ನನ್ನ ನಾದಿನಿ ಕೂತು ಬಾಯಿಗಿಟ್ರೆ ಮಾತ್ರ ಒಳಗೆ ಹೋಗೋದು, ಆದ್ರೆ ಮಧ್ಯಾಹ್ನ ಹೋದ್ರೆ ವಾಚ್‌ಮ್ಯಾನ್ ಬಿಡೋದಿಲ್ಲ. ಮಲಗಿದಲ್ಲೇ ಇರೋರಿಗೆ ಬೆನ್ನಲ್ಲಿ ಹುಣ್ಣಾಗಿದೆಯಾ ಅಂತ ಹೊರಗಿನ ರೂಮಲ್ಲಿ ಕೂತು ಹೇಗೆ ನೋಡೋದು ಮಾರಾಯ್ರೆ?

ಕೊರೊನಾ ಟೈಮಲ್ಲಿ ಗೇಟ್ ಹಾಕಿದ್ದು ಬೇರೆ ವಿಷಯ. ಅಮೆರಿಕದಲ್ಲೂ 2020ರ ಮಾರ್ಚಲ್ಲಿ ನರ್ಸಿಂಗ್ ಹೋಮ್ ಭೇಟಿ ನಿಲ್ಲಿಸಿದ್ರು, 2021ರ ನವೆಂಬರಲ್ಲಿ ಎಲ್ಲ ಹೊತ್ತಲ್ಲೂ ಬಿಡ್ಬೇಕು ಅಂತ ಅಲ್ಲಿನ ಕೇಂದ್ರ ಸರ್ಕಾರವೇ ಹೇಳಿತು. ನಮ್ಮಲ್ಲಿ 2007ರ ಹಿರಿಯ ನಾಗರಿಕರ ಕಾಯ್ದೆ ಉಂಟು, ಖರ್ಚಿಗೆ ಕೊಡದ ಮಕ್ಕಳ ಮೇಲೆ ಟ್ರಿಬ್ಯುನಲ್‌ಗೆ ಹೋಗ್ಬಹುದು, ನೋಡ್ಕೊಳ್ಳಿಕ್ಕೆ ಬಂದ ಮಕ್ಕಳನ್ನು ತಡೆದ್ರೆ ಎಂತ ಅಂತ ಅದ್ರಲ್ಲಿಲ್ಲ.

ನೆಂಟರಿಷ್ಟರನ್ನೆಲ್ಲ ಬಿಡಿ ಅಂತಲ್ಲ. ಮನೆಯ ಒಬ್ರಿಗೋ ಇಬ್ರಿಗೋ ಪಾಸ್ ಕೊಡ್ಲಿ, ಊಟದ ಹೊತ್ತಿಗೆ ಮಂಚದ ಹತ್ರ ಬಿಡ್ಲಿ, ಸೀರಿಯಸ್ ಆದಾಗ ರಾತ್ರಿ ಜೊತೆಗಿರ್ಲಿಕ್ಕೆ ಒಪ್ಲಿ. ಎರಡೂ ಜಿಲ್ಲೆಯ ಡಿಸಿಗಳು ಇದನ್ನೊಂದು ಆದೇಶ ಮಾಡ್ಲಿ, ಅಡ್ಮಿಶನ್ ಫಾರ್ಮಲ್ಲೇ ಪ್ರಿಂಟ್ ಹಾಕಿಸ್ಲಿ.

– ಓದುಗರೊಬ್ಬರು, ಮಂಗಳೂರು