ಕೆಳಗಿಳಿದ ಪ್ರತಿಮೆಯೂ ಮಾತನಾಡುತ್ತದೆ

ಮಾನ್ಯರೇ,

ಗುಲಾಮರ ವ್ಯಾಪಾರದಲ್ಲಿ ಪಾಲುಗೊಂಡವರ ಪ್ರತಿಮೆಗಳನ್ನು ತೆಗೆದರೆ ಇತಿಹಾಸವೇ ಅಳಿಸಿಹೋಗುತ್ತದೆಂಬ ವಾದವನ್ನು ಒಪ್ಪಲಾರೆ. ಗುಲಾಮರ ವ್ಯಾಪಾರಿ ಎಡ್ವರ್ಡ್ ಕೋಲ್‌ಸ್ಟನ್ ಸತ್ತು 174 ವರ್ಷಗಳಾದ ಮೇಲೆ, 1895ರಲ್ಲಿ, ಇಂಗ್ಲೆಂಡಿನ ಬ್ರಿಸ್ಟಲ್‌ನಲ್ಲಿ ನಿಲ್ಲಿಸಿದ ಪ್ರತಿಮೆಯ ಫಲಕ ಆತನನ್ನು ಸದ್ಗುಣಿಯೆಂದು ಹೊಗಳಿತ್ತೇ ಹೊರತು ಗುಲಾಮರ ಮಾತನ್ನೇ ಎತ್ತಿರಲಿಲ್ಲ. 2020ರ ಜೂನ್ 7ರಂದು ಜನ ಅದನ್ನು ಉರುಳಿಸಿ ಬಂದರಿನ ನೀರಿಗೆ ನೂಕಿದರು. ಮುಂದೆ ಅಲ್ಲಿನ ವಸ್ತುಸಂಗ್ರಹಾಲಯದಲ್ಲಿ, ಮೈಗೆ ಬಳಿದ ಬಣ್ಣವನ್ನೂ ಒರೆಸದೆ, ಮಲಗಿಸಿದಂತೆಯೇ ಪ್ರದರ್ಶಿಸಲಾಯಿತು.

ಅದೇ 2020ರಲ್ಲಿ ಬೆಂಗಳೂರಿನ ಹೈಕೋರ್ಟ್ ಆವರಣದಿಂದ, ಬ್ರಿಟಿಷರ ಕಾಲದಲ್ಲಿ ಮೈಸೂರಿನ ಕಮಿಷನರ್ ಆಗಿದ್ದ ಮಾರ್ಕ್ ಕಬ್ಬನ್ ಪ್ರತಿಮೆಯೂ ಕಬ್ಬನ್ ಉದ್ಯಾನದೊಳಕ್ಕೆ ಸರಿಯಿತು. (ಕಬ್ಬನ್ ಗುಲಾಮರ ವ್ಯಾಪಾರಿಯಲ್ಲ, ಹೋಲಿಕೆ ಸ್ಥಳಾಂತರಕ್ಕಷ್ಟೇ.) ನಮ್ಮ ನಂದಿಬೆಟ್ಟದ ಮೇಲೆ ಆತನ ಬಂಗಲೆ ನೆಹರೂ ನಿಲಯವೆಂಬ ಹೆಸರಿನಲ್ಲಿ ಹಾಗೆಯೇ ನಿಂತಿದೆ. ಆದರೂ ಭಾನುವಾರ ಅದರ ಮುಂದೆ ಸುಟ್ಟ ಜೋಳ ತಿನ್ನುತ್ತ ನಿಂತವರಲ್ಲಿ, ಅದು ಯಾರ ಮನೆಯಾಗಿತ್ತೆಂದು ಬಲ್ಲವರನ್ನು ನಾನಂತೂ ಕಂಡಿಲ್ಲ.

– ಓರ್ವ ಓದುಗ, ಚಿಕ್ಕಬಳ್ಳಾಪುರ